ಹಳೇ ಮಾಡು ಬಿಚ್ಚಿ ಹೊಸದು ಹಾಕಿಸ್ಬೇಕು: ಹಂಚಾ, ಶೀಟಾ, ಶಿಂಗಲ್ಸಾ? ಬಾಳಿಕೆ ಬರೋದು ಯಾವುದು?

ಸೂರಿನಡಿ
ಎಲ್ರಿಗೂ ನಮಸ್ಕಾರ. ನಮ್ಮನೆ ಮಾಡು (ಛಾವಣಿ) ಪೂರ್ತಿ ಬಿಚ್ಚಿ ಹೊಸದಾಗಿ ಹಾಕಿಸ್ಬೇಕಾಗಿದೆ. ಮುಂಭಾಗ ಮಣ್ಣಿನ ಹಂಚು, ಮರದ ಜಂತೆ, ಅದರ ಮೇಲೆ ಅಡ್ಡ ರೀಪು ಪಟ್ಟಿ, ವಾಟ (ಇಳಿಜಾರು) ಚೆನ್ನಾಗೇ ಇದೆ. ಹಿಂಭಾಗ ಆಮೇಲೆ ಸೇರಿಸಿದ್ದು, ಅಲ್ಲಿ ಹಳೇ ಸಿಮೆಂಟ್ ಶೀಟು, ವಾಟ ತೀರಾ ಕಮ್ಮಿ. ರೀಪು ಅಲ್ಲಲ್ಲಿ ಗೆದ್ದಲು ತಿಂದಿದೆ, ಎರಡೂ ಭಾಗ ಸೇರೋ ಗೋಡೆ ಹತ್ರ ಸೋರುತ್ತೆ. ಯಾರನ್ನ ಕೇಳಿದ್ರೂ ತಾವು ಹಾಕಿಸಿದ್ದೇ ಒಳ್ಳೇದು ಅಂತಾರೆ. ನನಗೆ ಬೇಕಿರೋದು ಇಷ್ಟೇ, ಒಂದ್ಸಲ ಹಾಕಿಸಿದ್ರೆ ಮತ್ತೆ ಮತ್ತೆ ಮೇಲೆ ಹತ್ತೋ ಹಂಗಿರಬಾರದು. ಮುಂದೆ ಸೋಲಾರ್ ಹಾಕೋ ಯೋಚ್ನೆನೂ ಇದೆ. ಅನುಭವ ಇರೋರು ದಯವಿಟ್ಟು ಹೇಳಿ.

ತೊಲೆ_ಜಂತೆ
ಯಾವ ಮೆಟೀರಿಯಲ್ ಅನ್ನೋಕ್ಕಿಂತ ಮುಂಚೆ ಎರಡು ವಿಷಯ ನೋಡ್ಕೊಳ್ಳಿ ಸರ್. ವಾಟ ಎಷ್ಟಿದೆ, ಕೆಳಗಿನ ಮರ ಎಷ್ಟು ಭಾರ ಹೊರುತ್ತೆ. ಇವೆರಡು ಅಳೆದ್ರೆ ಅರ್ಧ ಆಯ್ಕೆಗಳು ತಾನಾಗೇ ಬಿದ್ದುಹೋಗ್ತವೆ.

ಒಂದಕ್ಕೊಂದು ಕಚ್ಚಿಕೊಳ್ಳೋ ಮಣ್ಣಿನ ಹಂಚಿಗೆ 25-30 ಡಿಗ್ರಿ ವಾಟ ಇದ್ರೆ ನೆಮ್ಮದಿ, ಅದಕ್ಕಿಂತ ಕಮ್ಮಿ ಆದ್ರೆ ಗಾಳಿ ಮಳೆ ಜೊತೆಗೆ ಬಂದಾಗ ನೀರು ಹಂಚಿನ ಕೆಳಗೆ ಹಿಂದಕ್ಕೆ ನುಗ್ಗುತ್ತೆ, ಎಷ್ಟೇ ಒಳ್ಳೇ ಹಂಚಾದ್ರೂ ಅಷ್ಟೇ. ಶಿಂಗಲ್ಸಿಗೆ (ಡಾಂಬರು ಹಚ್ಚಿದ ತೆಳು ಬಿಲ್ಲೆಗಳು) 12 ಅಡಿ ಅಡ್ಡಕ್ಕೆ 4 ಅಡಿ ಏರಿಕೆ, ಅಂದ್ರೆ ಸುಮಾರು 18 ಡಿಗ್ರಿ ಇರಬೇಕು, 2 ಅಡಿ ಏರಿಕೆವರೆಗೂ ಇಳಿಸಬಹುದು ಆದ್ರೆ ಕೆಳಗೆ ಅಂಡರ್‌ಲೇ ಡಬಲ್ ಹಾಕ್ಬೇಕಾಗುತ್ತೆ, ಅಂದ್ರೆ ನೀರು ತಡೆಯೋ ಹಾಳೆ ಎರಡು ಪದರ. ಏಣು ಎತ್ತರ ಇರೋ ಮೆಟಲ್ ಶೀಟು 5 ಡಿಗ್ರಿಗೂ ನಡೆಯುತ್ತೆ. ಹಾಗಾಗಿ ನಿಮ್ಮ ಹಿಂಭಾಗಕ್ಕೆ ಹಂಚು ಬೇಡವೇ ಬೇಡ.

ಭಾರದ ಲೆಕ್ಕಕ್ಕೆ ಬಂದ್ರೆ ಮಣ್ಣಿನ ಹಂಚು ಚದರ ಮೀಟರಿಗೆ 40 ಕೆಜಿ ಆಸುಪಾಸು, ನೆಂದಾಗ ಇನ್ನೂ ಜಾಸ್ತಿ. ಕಾಂಕ್ರೀಟ್ ಹಂಚು 45-50. ಶಿಂಗಲ್ಸು 10-15. ಅರ್ಧ ಮಿಲಿಮೀಟರ್ ಸ್ಟೀಲ್ ಶೀಟು ಹೆಚ್ಚುಕಮ್ಮಿ 5 ಕೆಜಿ. ಶೀಟಿನ ಮಾಡಿಗೆ ಕಟ್ಟಿದ ಮರದ ಮೇಲೆ ಹಂಚು ಏರಿಸಿದ್ರೆ ಜಂತೆ ಬಾಗುತ್ತೆ, ಇದು ಎಲ್ರಿಗೂ ಗೊತ್ತು. ಉಲ್ಟಾ ಮಾಡಿದ್ರೂ ಅಪಾಯ ಇದೆ ಅನ್ನೋದನ್ನ ಯಾರೂ ಹೇಳಲ್ಲ! ಹಂಚಿನ ಮಾಡು ತನ್ನ ಭಾರದಿಂದಲೇ ಗಾಳಿಗೆ ಏಳದೆ ಕೂತಿರುತ್ತೆ. ಅದನ್ನ ತೆಗೆದು ಹಗುರ ಶೀಟು ಹಾಕಿದ್ರೆ ಗಾಳಿ ಕೆಳಗಿಂದ ಎತ್ತೋಕೆ ಶುರು ಮಾಡುತ್ತೆ. ಆಗ ಜಂತೆಗಳನ್ನ ಗೋಡೆ ಮೇಲಿನ ತೊಲೆಗೆ, ತೊಲೆನ ಗೋಡೆಗೆ ಕಬ್ಬಿಣದ ಪಟ್ಟಿ ಹಾಕಿ ಬಿಗೀಲೇಬೇಕು. ಬರೀ ಮೊಳೆ ನಂಬ್ಕೊಂಡು ಕೂರೋ ಹಾಗಿಲ್ಲ.

ಕಬ್ಬಿಣದ_ಕೆಲಸ
ಮೇಲೆ ಹೇಳಿದ್ದು ನೂರಕ್ಕೆ ನೂರು ನಿಜ, ಗಾಳಿ ಎತ್ತೋದು ಅಂಚು, ಮೂಲೆ ಮತ್ತೆ ನೆತ್ತಿ ಕಡೆ ಜಾಸ್ತಿ, ಅಲ್ಲೆಲ್ಲ ಸ್ಕ್ರೂ ಹತ್ತಿರ ಹತ್ತಿರ ಹಾಕ್ಬೇಕು.

ಶೀಟು ತಗೊಳ್ಳೋ ಹಾಗಿದ್ರೆ "0.50 ಎಂಎಂ" ಅಂತ ಹೇಳಿದ ತಕ್ಷಣ ಒಪ್ಕೋಬೇಡಿ. ಅದು ಬರೀ ಸ್ಟೀಲಿನ ದಪ್ಪನಾ, ಇಲ್ಲಾ ಕೋಟಿಂಗ್ ಪೇಂಟ್ ಎಲ್ಲ ಸೇರಿ ಬಂದ ದಪ್ಪನಾ ಅಂತ ಕೇಳಿ. ಮೊದಲನೇದಕ್ಕೆ ಬಿಎಂಟಿ ಅಂತಾರೆ, ಎರಡನೇದಕ್ಕೆ ಟಿಸಿಟಿ. ಟಿಸಿಟಿ 0.50 ಇದ್ರೆ ಒಳಗಿನ ಸ್ಟೀಲ್ ಅದಕ್ಕಿಂತ ಕಮ್ಮಿ ಇರುತ್ತೆ. ಎರಡು ಕಡೆ ರೇಟ್ ಕೇಳಿ ಒಂದು ಕಮ್ಮಿ ಒಂದು ಜಾಸ್ತಿ ಬಂದಾಗ ಎಷ್ಟೋ ಸಲ ವ್ಯತ್ಯಾಸ ಇಲ್ಲೇ ಅಡಗಿರುತ್ತೆ.

ಆಮೇಲೆ ಕೋಟಿಂಗ್. ಬರೀ ಸತುವಿನ ಕೋಟಿಂಗ್ ಇದ್ರೆ ಜಿಐ, ಅದರ ಮೇಲೆ ಝಡ್275 ಅಂತ ಇದ್ರೆ ಚದರ ಮೀಟರಿಗೆ ಎರಡೂ ಮುಖ ಸೇರಿ 275 ಗ್ರಾಂ ಸತು ಅಂತ ಅರ್ಥ. ಗ್ಯಾಲ್ವಲ್ಯೂಮ್ ಅನ್ನೋದು ಅಲ್ಯೂಮಿನಿಯಂ-ಸತು ಮಿಶ್ರಣ, ತೂಕದಲ್ಲಿ 55% ಅಲ್ಯೂಮಿನಿಯಂ, 43.4% ಸತು, 1.6% ಸಿಲಿಕಾನ್. ಅಮೆರಿಕದ ಬೆತ್ಲೆಹೆಮ್ ಸ್ಟೀಲ್ ಕಂಪನಿಯವರು 1972ರಲ್ಲಿ ಮಾರುಕಟ್ಟೆಗೆ ತಂದಿದ್ದು. ಇದರ ಮೇಲೆ ಎಝಡ್150 ಅಂತ ಇದ್ರೆ ಚದರ ಮೀಟರಿಗೆ ಎರಡೂ ಮುಖ ಸೇರಿ ಈ ಮಿಶ್ರಣ 150 ಗ್ರಾಂ. ಸಾಮಾನ್ಯ ಗಾಳಿಯಲ್ಲಿ ಇದು ಜಿಐಗಿಂತ ಬಹಳ ಜಾಸ್ತಿ ಬಾಳುತ್ತೆ. ಮನೆಗೆ ಎಝಡ್150ಗಿಂತ ಕೆಳಗೆ ಇಳೀಬೇಡಿ ಅಂತ ನನ್ನ ಮಾತು. ಬಣ್ಣದಲ್ಲಿ ಪಾಲಿಯೆಸ್ಟರ್ ಇದ್ರೆ ಬಿಸಿಲಿಗೆ ಬೇಗ ಮಾಸುತ್ತೆ, ಪಿವಿಡಿಎಫ್ ಅನ್ನೋ ಇನ್ನೊಂದು ಥರದ ಬಣ್ಣ ಬಹಳ ವರ್ಷ ಹಾಗೇ ಇರುತ್ತೆ, ದುಬಾರಿ.

ಇನ್ನು ಸ್ಕ್ರೂ. ಕೈಮುಗಿದು ಹೇಳ್ತೀನಿ, ಇದರಲ್ಲಿ ಉಳಿಸೋಕೆ ಹೋಗ್ಬೇಡಿ! 40-50 ವರ್ಷ ಬಾಳೋ ಶೀಟಿಗೆ ಕಳಪೆ ವಾಷರ್ ಹಾಕಿದ್ರೆ ಸೋರೋಕೆ ಶುರುವಾಗೋದು ವಾಷರ್ ಒಣಗಿ ಬಿರುಕು ಬಿಟ್ಟ ದಿನದಿಂದ, ಶೀಟು ಚೆನ್ನಾಗಿದ್ದು ಏನು ಬಂತು. ಇಪಿಡಿಎಂ ರಬ್ಬರ್ ವಾಷರ್ ಇರೋದೇ ಕೇಳಿ. ಬಿಗಿ ಮಾಡೋವಾಗ ವಾಷರ್ ಅಂಚಿಂದ ರಬ್ಬರ್ ಸ್ವಲ್ಪ ಕಂಡರೆ ಸಾಕು, ಜಾಸ್ತಿ ಬಿಗಿದ್ರೆ ರಬ್ಬರ್ ಹಿಸುಕಿ ಹೊರಗೆ ಬರುತ್ತೆ, ಶೀಟು ಗುಳಿ ಬಿದ್ದು ಅಲ್ಲೇ ನೀರು ನಿಲ್ಲುತ್ತೆ.

ಕೊನೇದಾಗಿ, ಕೆಲಸದವರು ಆಂಗಲ್ ಗ್ರೈಂಡರ್ ತಗೊಂಡು ಮಾಡಿನ ಮೇಲೆ ಕಟ್ ಮಾಡೋಕೆ ಹೊರಟ್ರೆ ನಿಲ್ಲಿಸಿ. ಕಿಡಿ ಬಿದ್ದಲ್ಲೆಲ್ಲ ಕೋಟಿಂಗ್ ಸುಡುತ್ತೆ, ಕಬ್ಬಿಣದ ಪುಡಿ ಕೂತಲ್ಲೆಲ್ಲ ತುಕ್ಕಿನ ಚುಕ್ಕೆ ಏಳುತ್ತೆ. ಕತ್ತರಿ ಇಲ್ಲಾ ತಗಡು ಕಚ್ಚಿ ಕತ್ತರಿಸೋ ಯಂತ್ರ ನಿಬ್ಲರ್‌ನಲ್ಲಿ ಕಟ್ ಮಾಡಿಸಿ, ದಿನಾ ಸಂಜೆ ತೂತು ಕೊರೆದ ಪುಡಿ ಗುಡಿಸಿ ತೆಗೆಸಿ.

ಉಪ್ಪುಗಾಳಿ
ಸಮುದ್ರದ ಹತ್ರ ಮನೆ ಇರೋರು ಮೇಲಿನ ಸಲಹೆನ ಹಾಗೇ ತಗೋಬೇಡಿ. ತೀರದ ಪಕ್ಕದಲ್ಲೇ ಇರೋ ಮನೆಗಳಿಗೆ ಎಝಡ್ ಶೀಟಿನ ವಾರಂಟಿ ಸಾಮಾನ್ಯವಾಗಿ ಸಿಗಲ್ಲ, ಎಷ್ಟು ದೂರದವರೆಗೆ ಅನ್ನೋದು ವಾರಂಟಿ ಪತ್ರದಲ್ಲೇ ಇರುತ್ತೆ, ಕೊಳ್ಳೋ ಮುಂಚೆ ಓದಿ. ಅಲ್ಲಿ ಅಲ್ಯೂಮಿನಿಯಂ ಶೀಟು, ಇಲ್ಲಾ ಮಣ್ಣಿನ ಹಂಚೇ ಸರಿ, ಹಂಚು ಉಪ್ಪಿಗೆ ತುಕ್ಕು ಹಿಡಿಯೋ ಪ್ರಶ್ನೆನೇ ಇಲ್ಲ.

ಇನ್ನೊಂದು ನೋಡಿ, ಉಪ್ಪುಗಾಳಿಯಲ್ಲಿ ತುಕ್ಕು ಮೊದಲು ಕಾಣಿಸೋದು ಮಳೆ ಬೀಳೋ ಜಾಗದಲ್ಲಲ್ಲ, ಸೂರಿನ ಕೆಳಗೆ, ಅಂದ್ರೆ ಮಳೆ ತೊಳೆಯದ ಜಾಗದಲ್ಲಿ. ಅಲ್ಲಿ ಉಪ್ಪು ಕೂತು ಕೂತು ತಿನ್ನುತ್ತೆ. ಆಗಾಗ ಪೈಪಲ್ಲಿ ಸಿಹಿನೀರು ಬಿಟ್ಟು ತೊಳೆದ್ರೆ ಎಷ್ಟೋ ವರ್ಷ ಬಾಳಿಕೆ ಜಾಸ್ತಿ ಆಗುತ್ತೆ.

ಸ್ಟೇನ್‌ಲೆಸ್ ಸ್ಕ್ರೂ ತುಕ್ಕು ಹಿಡಿಯಲ್ಲ ಅಂತ ಎಝಡ್ ಶೀಟಿಗೆ ಹಾಕ್ಬೇಡಿ. ಉಪ್ಪುನೀರು ತಾಗಿದಾಗ ಸ್ಕ್ರೂ ಉಳಿದು ಸುತ್ತಲಿನ ಶೀಟು ಕರಗುತ್ತೆ. ಶೀಟು ಕಂಪನಿ ಯಾವ ಸ್ಕ್ರೂ ಹೇಳಿದೆಯೋ ಅದೇ ಹಾಕಿ.

ಹಂಚಿನ_ಮನೆಯವಳು
ಎಲ್ರೂ ಶೀಟಿನ ಹಿಂದೆನೇ ಹೋಗ್ತಿದೀರ, ಹಂಚಿನ ಪರವಾಗಿ ನಾನು ಮಾತಾಡ್ತೀನಿ. ಸೂರಿನಡಿ ಅವರೇ, ನಿಮ್ಮ ಮುಂಭಾಗದ ಮರ ಈಗಾಗ್ಲೇ ಹಂಚು ಹೊತ್ತಿದೆ, ವಾಟನೂ ಇದೆ. ಮತ್ತೆ ಯಾಕೆ ಬಿಡ್ತೀರ? ಚೆನ್ನಾಗಿ ಸುಟ್ಟ ಹಂಚು 50-100 ವರ್ಷ ಬಾಳೋದು ಹೊಸ ಮಾತಲ್ಲ. ಗಿಲಾರ್ಡೊನಿ ಸಹೋದರರು ಫ್ರಾನ್ಸಿನ ಅಲ್ಸಾಸ್‌ನಲ್ಲಿ 1841ರಲ್ಲಿ ಕಚ್ಚಿಕೊಳ್ಳೋ ಹಂಚಿಗೆ ಪೇಟೆಂಟ್ ತಗೊಂಡ್ರು, ಇವತ್ತಿಗೂ ಜನ ಹಾಕ್ತಿರೋದು ಅದೇ ತತ್ವದ ಹಂಚು. ಒಂದು ಒಡೆದ್ರೆ ಒಂದನ್ನೇ ಬದಲಾಯಿಸಬಹುದು, ಇದು ಶೀಟಲ್ಲಿ ಆಗುತ್ತಾ?

ಹಳೇ ಹಂಚೆಲ್ಲ ಎಸೀಬೇಡಿ. ಇಳಿಸಿ ಒಂದೊಂದಾಗಿ ಬೆರಳ ಗೆಣ್ಣಲ್ಲಿ ತಟ್ಟಿ ನೋಡಿ. ಗಂಟೆ ಥರ ಖಣ್ ಅಂದ್ರೆ ಗಟ್ಟಿ ಇದೆ, ಡಬ್ ಅಂತ ಮೊಂಡಾಗಿ ಸದ್ದು ಬಂದ್ರೆ ಒಳಗೆ ಸೀಳು ಬಿಟ್ಟಿದೆ ಇಲ್ಲಾ ಸರಿಯಾಗಿ ಸುಟ್ಟಿಲ್ಲ. ಮೇಲ್ಮೈ ಪುಡಿ ಉದುರ್ತಿದ್ರೆ, ಮೂಗು ಸವೆದಿದ್ರೆ ಪಕ್ಕಕ್ಕಿಡಿ. ಉಳಿದದ್ದನ್ನ ಪಾಚಿ ಕೆರೆದು ಬ್ರಷ್ ಹಾಕಿ ತೊಳೆದು ಮತ್ತೆ ಹಾಕಿ. ಪ್ರೆಶರ್ ಪಂಪ್ ಹಿಡೀಬೇಡಿ, ಹಂಚಿನ ಮೇಲ್ಪದರ ಕಿತ್ತು ಬರುತ್ತೆ, ಆಮೇಲೆ ನೀರು ಕುಡಿಯೋದು ಜಾಸ್ತಿ ಆಗಿ ಪಾಚಿ ಮತ್ತೂ ಬೇಗ ಹಿಡಿಯುತ್ತೆ.

ಹಂಚಿನ ಮಾಡು ಕೆಡೋದು ಹಂಚಿಂದಲ್ಲ, ರೀಪಿಂದ. ಹಳೇ ಮತ್ತೆ ಹೊಸ ಹಂಚಿನ ಅಳತೆ ಒಂದೇ ಇರಲ್ಲ, ಅದಕ್ಕೇ ರೀಪು ಹೊಡೆಯೋ ಮುಂಚೆ ಹಂಚು ಜೋಡಿಸಿ ಅಂತರ ಅಳೆದು ಹೊಡೀಬೇಕು. ಹಳೇದನ್ನೆಲ್ಲ ಒಂದು ಕಡೆ ಇಳಿಜಾರಿಗೆ, ಹೊಸದನ್ನ ಇನ್ನೊಂದು ಕಡೆಗೆ ಹಾಕಿದ್ರೆ ಜಗಳನೇ ಇಲ್ಲ. ಜಂತೆ ಮೇಲೆ ಅಂಡರ್‌ಲೇ ಹಾಳೆ ಹಾಸಿ, ಅದರ ಮೇಲೆ ಜಂತೆ ಉದ್ದಕ್ಕೇ ತೆಳು ಪಟ್ಟಿ, ಅದರ ಮೇಲೆ ಅಡ್ಡಡ್ಡ ರೀಪು ಕೊಡಿ. ಹಂಚು ದಾಟಿ ಬಂದ ನೀರು ಹಾಳೆ ಮೇಲೆ ಜಾರಿ ಸೂರಿಗೆ ಹೋಗುತ್ತೆ, ರೀಪಿಗೆ ತಡೆದು ನಿಲ್ಲಲ್ಲ, ಗಾಳಿನೂ ಆಡುತ್ತೆ.

ಸೂರಿನಡಿ
ಇದು ನಂಗೆ ಹೊಳೆದೇ ಇರಲಿಲ್ಲ ಮೇಡಂ, ಮುಂಭಾಗಕ್ಕೆ ಹಂಚು ಹಿಂಭಾಗಕ್ಕೆ ಶೀಟು ಅಂತ ಎರಡು ಥರ ಮಾಡಬಹುದು ಅನ್ನೋದು. ಹಿಂಭಾಗದ ಹಳೇ ಸಿಮೆಂಟ್ ಶೀಟು ಗಟ್ಟಿಯಾಗೇ ಇದೆ, ಬಿಚ್ಚಿ ಕಾಂಪೌಂಡ್ ಪಕ್ಕ ಶೆಡ್ಡಿಗೆ ಹಾಕೋಣ ಅಂತಿದೀನಿ, ಅಳತೆಗೆ ಕಟ್ ಮಾಡಿಸಿ.

ತೊಲೆ_ಜಂತೆ
ಬೇಡ ಸರ್, ದಯವಿಟ್ಟು ಕಟ್ ಮಾಡಿಸ್ಬೇಡಿ!! ಹಳೇ ಸಿಮೆಂಟ್ ಶೀಟು ಅಂದ್ರೆ ಆಸ್ಬೆಸ್ಟಾಸ್ ಇರೋ ಸಾಧ್ಯತೆ ತುಂಬಾ ಇದೆ. ಆಸ್ಟ್ರಿಯಾದ ಲುಡ್ವಿಗ್ ಹಾಟ್‌ಶೆಕ್ 1901ರಲ್ಲಿ ಪೇಟೆಂಟ್ ಪಡೆದ ವಿಧಾನ ಅದು, ಸಿಮೆಂಟಿಗೆ ಆಸ್ಬೆಸ್ಟಾಸ್ ನಾರು ಬೆರೆಸಿ ತೆಳು ಶೀಟು ಮಾಡೋದು, ಎಟರ್ನಿಟ್ ಅಂತ ಹೆಸರಿಟ್ರು. ಗಟ್ಟಿ, ಸುಡಲ್ಲ, ಕೊಳೆಯಲ್ಲ ಅಂತ ಪ್ರಪಂಚ ತುಂಬಾ ಹಾಕಿದ್ರು. ಆ ನಾರಿನ ಧೂಳು ಉಸಿರಲ್ಲಿ ಹೋದ್ರೆ ಶ್ವಾಸಕೋಶದ ಕ್ಯಾನ್ಸರ್, ಮೀಸೋಥೀಲಿಯೋಮಾ (ಶ್ವಾಸಕೋಶದ ಹೊರಪೊರೆಗೆ ಬರೋ ಕ್ಯಾನ್ಸರ್) ಬರುತ್ತೆ, ಅದೂ ಎಷ್ಟೋ ದಶಕ ಆದ್ಮೇಲೆ. ಬ್ರಿಟನ್ 1999ರಲ್ಲಿ, ಆಸ್ಟ್ರೇಲಿಯಾ 2003ರ ಕೊನೇ ದಿನದಿಂದ, ಐರೋಪ್ಯ ಒಕ್ಕೂಟ 2005ರಿಂದ ನಿಷೇಧ ಮಾಡಿದ್ದು ಅದಕ್ಕೇ.

ಶೀಟು ಇಡಿಯಾಗಿ ಇರೋವರೆಗೂ ನಾರು ಸಿಮೆಂಟಲ್ಲಿ ಹಿಡಿದಿರುತ್ತೆ. ಕೊಯ್ದಾಗ, ತೂತು ಮಾಡಿದಾಗ, ಒಡೆದಾಗ, ಪ್ರೆಶರ್ ನೀರಲ್ಲಿ ತೊಳೆದಾಗ, ತಂತಿ ಬ್ರಷ್ಷಲ್ಲಿ ಉಜ್ಜಿದಾಗ ಹೊರಗೆ ಬರುತ್ತೆ. ಕಣ್ಣಲ್ಲಿ ನೋಡಿ ಇದೆಯೋ ಇಲ್ವೋ ಹೇಳೋಕಾಗಲ್ಲ, ಲ್ಯಾಬಲ್ಲೇ ಪರೀಕ್ಷೆ ಆಗಬೇಕು, ಅಲ್ಲಿವರೆಗೂ ಇದೆ ಅಂತಾನೇ ತಿಳ್ಕೊಂಡು ನಡ್ಕೊಳ್ಳಿ. ಇದಕ್ಕೆ ಪರವಾನಗಿ ಇರೋ ಕೆಲಸದವರು ಸಿಗೋ ಕಡೆ ಅವರನ್ನೇ ಕರೆಸಿ. ಅವರು ಮಾಡೋದೂ ಹೀಗೇನೇ: ಶೀಟು ನೀರಲ್ಲಿ ಮೆಲ್ಲಗೆ ನೆನೆಸಿ, ಬೋಲ್ಟು ಬಿಚ್ಚಿ ಇಡಿ ಶೀಟು ಕೈಯಿಂದ ಕೈಗೆ ಇಳಿಸಿ, ಮೇಲಿಂದ ಎಸೆಯದೆ, ದಪ್ಪ ಪ್ಲಾಸ್ಟಿಕ್ಕಲ್ಲಿ ಸುತ್ತಿ ಹೆಸರು ಅಂಟಿಸಿ, ಅದಕ್ಕಂತ ಗೊತ್ತು ಮಾಡಿರೋ ಜಾಗಕ್ಕೇ ಕಳಿಸೋದು. ಬಟ್ಟೆ ಮಾಸ್ಕು ಇದಕ್ಕೆ ಸಾಲಲ್ಲ. ಬೇರೆ ಯಾವ ಕೆಲಸ ಶುರು ಆಗೋಕ್ಕೂ ಮುಂಚೆ ಇದು ಮುಗೀಬೇಕು, ಮನೇಲಿ ಮಕ್ಕಳು ಇದ್ರೆ ಆವತ್ತು ಅಲ್ಲಿರೋದೇ ಬೇಡ. ಹಳೇ ಶೀಟಿನ ತುದಿ ಸವೆದು ಬಿದ್ದ ಪುಡಿ ಸೂರಿನ ನೀರು ಹರಿಯೋ ದಂಬೆಯಲ್ಲಿ ಕೂತಿರುತ್ತೆ, ಅದನ್ನೂ ಒಣಗಿದ್ದಾಗ ಗುಡಿಸ್ಬಾರದು.

ಮತ್ತೆ ತುಂಡು ಒಡೆದು ದಾರಿಗೆ ಹಾಸೋದು, ಗಿಡದ ಪಾತಿಗೆ ನಿಲ್ಲಿಸೋದು, ಇವೆಲ್ಲ ನೋಡಿದ್ರೆ ಹೊಟ್ಟೆ ಉರಿಯುತ್ತೆ ನಂಗೆ.

ಸೂರಿನಡಿ
ಗೊತ್ತಿರಲಿಲ್ಲ ಸರ್, ಹೇಳಿದ್ದಕ್ಕೆ ತುಂಬಾ ಉಪಕಾರ. ಶೆಡ್ಡಿನ ಮಾತು ಬಿಟ್ಟೆ.

ಮಳೆ_ಬಿಸಿಲು
ಶಿಂಗಲ್ಸ್ ಬಗ್ಗೆ ಯಾರೂ ಸರಿಯಾಗಿ ಹೇಳ್ಲಿಲ್ಲ. ಫೈಬರ್‌ಗ್ಲಾಸ್ ಹಾಳೆಗೆ ಡಾಂಬರು ಹಚ್ಚಿ ಮೇಲೆ ಕಲ್ಲಿನ ಹರಳು ಕೂರಿಸಿರ್ತಾರೆ. ಆ ಹರಳೇ ಡಾಂಬರನ್ನ ಬಿಸಿಲಿಂದ ಕಾಯೋದು. ದಂಬೆಯಲ್ಲಿ ಹರಳು ಸೇರೋಕೆ ಶುರುವಾದ್ರೆ, ತುದಿ ಮೇಲೆ ಸುರುಟಿದ್ರೆ ಆಯಸ್ಸು ಮುಗೀತಾ ಬಂತು ಅಂತ. ಸಾಮಾನ್ಯವಾಗಿ 15-30 ವರ್ಷ, ಬಿಸಿಲು ಜಾಸ್ತಿ ಇರೋ ಕಡೆ, ಕೆಳಗೆ ಗಾಳಿ ಆಡದ ಕಡೆ ಇನ್ನೂ ಕಮ್ಮಿ. ಕೆಳಗೆ ಪೂರ್ತಿ ಪ್ಲೈವುಡ್ ಹಲಗೆ ಬೇಕು, ರೀಪಿನ ಮೇಲೆ ಹಾಕೋಕಾಗಲ್ಲ. ಮಾಡಿನ ಆಕಾರ ಬಹಳ ಮುರಿದು ಮೂಲೆಗಳು ಜಾಸ್ತಿ ಇದ್ರೆ ಕೆಲಸ ಸುಲಭ, ಅದೊಂದು ಒಪ್ಕೋತೀನಿ. ನಿಮ್ಮದು ಸರಳ ಮಾಡು, ಬಾಳಿಕೆನೇ ಮುಖ್ಯ ಅಂತಿದೀರ, ಹಾಗಾಗಿ ನನ್ನ ಓಟು ಇದಕ್ಕಿಲ್ಲ.

ಆಲಿಕಲ್ಲು ಬೀಳೋ ಕಡೆಯವರು ಯುಎಲ್ 2218 ಅನ್ನೋ ಪರೀಕ್ಷೆಯ ಕ್ಲಾಸ್ ನೋಡಿ, 1ರಿಂದ 4ರವರೆಗೆ ಇದೆ, ಕ್ಲಾಸ್ 4ಕ್ಕೆ 2 ಇಂಚಿನ ಸ್ಟೀಲ್ ಗುಂಡು ಬೀಳಿಸಿ ಸೀಳು ಬಿಡುತ್ತಾ ನೋಡ್ತಾರೆ. ಮೆಟಲ್ ಶೀಟು ಪಾಸಾದ್ರೂ ಗುಳಿ ಬೀಳಬಹುದು, ಗುಳಿ ಬಿದ್ದದ್ದು ಸೋರಲ್ಲ, ನೋಡೋಕೆ ಚೆನ್ನಾಗಿರಲ್ಲ ಅಷ್ಟೇ.

ಸೋರಿಕೆ_ರಿಪೇರಿ
ಸೋರೋ ಮಾಡು ಸರಿ ಮಾಡೋದೇ ನನ್ನ ಕಸುಬು. ನಾನು ನೋಡಿರೋ ಸೋರಿಕೆಗಳಲ್ಲಿ ಹಂಚಿನ ನಡುವೆನೋ ಶೀಟಿನ ನಡುವೆನೋ ಸೋರೋದು ಅಪರೂಪ. ಗೋಡೆ ಸೇರೋ ಜಾಗ, ಎರಡು ಇಳಿಜಾರು ಸೇರೋ ಕಣಿವೆ, ಪೈಪು ಹೊರಗೆ ಬರೋ ತೂತು, ನೆತ್ತಿ, ಇಷ್ಟೇ. ಸೂರಿನಡಿ ಅವರು ಮೊದಲನೇ ಸಲ ಬರೆದಾಗ್ಲೇ ಗೋಡೆ ಹತ್ರ ಸೋರುತ್ತೆ ಅಂದಿದಾರೆ. ಈ ಜಾಗ ಸರಿ ಮಾಡದೆ ಎಂಥ ಹಂಚು ಶೀಟು ಹಾಕಿದ್ರೂ ಅಲ್ಲೇ ಸೋರುತ್ತೆ.

ಇಂಥ ಸಂದಿಯಲ್ಲಿ ನೀರು ತಡೆಯೋಕೆ ಹಾಕೋ ತಗಡಿಗೆ ಫ್ಲಾಶಿಂಗ್ ಅಂತಾರೆ, ಗೋಡೆಗೆ ಗಾರೆ ಮೆತ್ತಿ ಬಿಡೋದು ಫ್ಲಾಶಿಂಗ್ ಅಲ್ಲ. ಮಾಡು ಬಿಸಿಲಿಗೆ ಹಿಗ್ಗುತ್ತೆ, ರಾತ್ರಿ ಕುಗ್ಗುತ್ತೆ, ಗೋಡೆ ಹಾಗೇ ನಿಂತಿರುತ್ತೆ, ಮಧ್ಯದ ಗಾರೆ ಬಿರುಕು ಬಿಡದೆ ಇನ್ನೇನು ಮಾಡುತ್ತೆ. 10 ಮೀಟರ್ ಉದ್ದದ ಸ್ಟೀಲ್ ಶೀಟು 50 ಡಿಗ್ರಿ ವ್ಯತ್ಯಾಸಕ್ಕೆ 6 ಮಿಲಿಮೀಟರ್ ಉದ್ದ ಆಗುತ್ತೆ, ಅಲ್ಯೂಮಿನಿಯಂ ಆದ್ರೆ ಹೆಚ್ಚುಕಮ್ಮಿ ಅದರ ಎರಡರಷ್ಟು. ಸರಿಯಾದ ಕ್ರಮ ಅಂದ್ರೆ ಮಾಡಿನ ಮೇಲೆ ಬಂದು ಗೋಡೆಗೆ ಎದ್ದು ನಿಲ್ಲೋ ಒಂದು ತಗಡು, ಗೋಡೆಯಲ್ಲಿ ಕಾಡಿ ಕೊರೆದು ಅದರೊಳಗಿಂದ ಇಳಿದು ಮೊದಲನೇದನ್ನ ಮುಚ್ಚೋ ಇನ್ನೊಂದು ತಗಡು. ಎರಡನ್ನೂ ಒಂದಕ್ಕೊಂದು ಅಂಟಿಸಬಾರದು, ಜಾರೋಕೆ ಬಿಡಬೇಕು.

ಕಣಿವೆ ತಗಡು ಮಾಡಿನ ಉಳಿದ ಭಾಗಕ್ಕಿಂತ ದಪ್ಪ ಹಾಕ್ಸಿ, ಎಲ್ಲಾ ನೀರೂ ಎಲೆನೂ ಅಲ್ಲೇ ಬರೋದು.

ಸಂದಿ ಮುಚ್ಚೋ ಸಿಲಿಕೋನ್ ಅಂಟಿನ ವಿಚಾರ: ವಿನೆಗರ್ ವಾಸನೆ ಬರೋ ಸಿಲಿಕೋನ್ ಸತುವಿನ ಕೋಟಿಂಗ್ ತಿನ್ನುತ್ತೆ, ನ್ಯೂಟ್ರಲ್ ಕ್ಯೂರ್ ಅಂತ ಬರೆದಿರೋದೇ ತಗೊಳ್ಳಿ. ಮೇಲಿನ ಮಾಡಲ್ಲಿ ತಾಮ್ರ ಇದ್ದು ಅದರ ನೀರು ಕೆಳಗಿನ ಎಝಡ್ ಶೀಟಿಗೆ ಬಿದ್ರೆ ಶೀಟು ತೂತಾಗುತ್ತೆ, ಸೀಸದ ಫ್ಲಾಶಿಂಗೂ ಈ ಶೀಟಿಗೆ ಆಗಿಬರಲ್ಲ. ಹಸಿ ಸಿಮೆಂಟು ಶೀಟಿನ ಮೇಲೆ ಬಿದ್ರೆ ತಕ್ಷಣ ತೊಳೀರಿ, ಅದರ ಕ್ಷಾರ ಅಲ್ಯೂಮಿನಿಯಂನ ಕಲೆ ಮಾಡಿ ತಿನ್ನುತ್ತೆ.

ಲೆಕ್ಕ_ಪಕ್ಕಾ
ನಮ್ಮ ಕಡೆಗೆ ಬಂದ ಒಬ್ರು ಹಳೇದು ಬಿಚ್ಚೋದೇ ಬೇಡ, ಮೇಲೇ ಹೊಸ ಶೀಟು ಹಾಕಿಬಿಡೋಣ, ಖರ್ಚು ಉಳಿಯುತ್ತೆ ಅಂದ್ರು. ಇದು ಆಗುತ್ತಾ?

ತೊಲೆ_ಜಂತೆ
ನಾನಂತೂ ಒಪ್ಪಲ್ಲ. ಮಾಡು ಬಿಚ್ಚಿದಾಗ್ಲೇ ಜಂತೆ ಎಲ್ಲಿ ಕೊಳೆತಿದೆ, ಗೆದ್ದಲು ಎಲ್ಲಿವರೆಗೆ ಹೋಗಿದೆ ಅಂತ ಗೊತ್ತಾಗೋದು. ಮೇಲೆ ಹೊಸ ಶೀಟು ಕೂರಿಸಿದ್ರೆ ಕೊಳೆತಿದ್ದು ಮುಚ್ಚಿಹೋಗುತ್ತೆ, ಎರಡು ಪದರದ ನಡುವೆ ತೇವ ಸಿಕ್ಕಿಕೊಳ್ಳುತ್ತೆ, ಹೊಸ ಸ್ಕ್ರೂ ಹಿಡಿಯೋದು ಅದೇ ಹಳೇ ಮರಕ್ಕೆ. ಬಿಚ್ಚಿಸಿ, ಚಾಕು ತುದಿ ಚುಚ್ಚಿ ನೋಡಿ, ಸಲೀಸಾಗಿ ಒಳಗೆ ಹೋದ್ರೆ ಆ ಮರ ಬದಲಾಯಿಸಿ.

ಕಬ್ಬಿಣದ_ಕೆಲಸ
ಹಳೇ ಶಿಂಗಲ್ಸ್ ಮೇಲೆ ಪಟ್ಟಿ ಹೊಡೆದು ಶೀಟು ಹಾಕೋದು ಕೆಲವು ಕಡೆ ನಿಯಮದಲ್ಲೇ ಇದೆ, ಮರ ಗಟ್ಟಿ ಇದ್ರೆ ಕೆಟ್ಟ ಕೆಲಸ ಅನ್ನೋಕಾಗಲ್ಲ. ಆದ್ರೆ ಗೆದ್ದಲು ಕಂಡಿರೋ ಮಾಡಿಗೆ ನಾನೂ ಬೇಡ ಅಂತೀನಿ.

ಮಳೆ_ಬಿಸಿಲು
ಸೆಕೆ ಮತ್ತೆ ಸದ್ದಿನ ಬಗ್ಗೆನೂ ಯೋಚ್ನೆ ಮಾಡಿ. ಶೀಟಿನ ಭಾಗಕ್ಕೆ ಬಿಳಿ ಇಲ್ಲಾ ತಿಳಿ ಬಣ್ಣ ತಗೊಳ್ಳಿ. ಬಣ್ಣ ಇಲ್ಲದ ಹೊಳೆಯೋ ಶೀಟು ಬಿಸಿಲನ್ನ ವಾಪಸ್ ಕಳಿಸುತ್ತೆ ನಿಜ, ಆದ್ರೆ ಹೀರಿಕೊಂಡ ಶಾಖನ ಬೇಗ ಬಿಟ್ಟುಕೊಡಲ್ಲ, ಬಿಳಿ ಬಣ್ಣದ್ದು ಎರಡೂ ಮಾಡುತ್ತೆ. ಶೀಟಿನ ಕೆಳಗೆ ಇನ್ಸುಲೇಷನ್ ತಾಗಿಕೊಂಡಿದ್ರೆ ಮಳೆ ಸದ್ದೂ ಇಳಿಯುತ್ತೆ, ಬೆಳಗಿನ ಜಾವ ಶೀಟಿನ ಒಳಮೈ ಬೆವೆತು ತೊಟ್ಟಿಕ್ಕೋದೂ ನಿಲ್ಲುತ್ತೆ. ಆ ನೀರನ್ನ ಎಷ್ಟೋ ಜನ ಸೋರಿಕೆ ಅಂದ್ಕೊಂಡು ಸ್ಕ್ರೂ ಎಲ್ಲ ಬಿಗಿ ಮಾಡಿಸ್ತಾರೆ.

ಕಬ್ಬಿಣದ_ಕೆಲಸ
ಸೋಲಾರ್ ಬಗ್ಗೆ ಕೇಳಿದ್ರಲ್ಲ. ಪ್ಯಾನೆಲ್‌ಗಳಿಗೆ ಸಾಮಾನ್ಯವಾಗಿ 25 ವರ್ಷದ ಪರ್ಫಾರ್ಮೆನ್ಸ್ ವಾರಂಟಿ ಇರುತ್ತೆ, ಅದರ ಕೆಳಗಿನ ಮಾಡು ಅದಕ್ಕಿಂತ ಮುಂಚೆ ಕೈಕೊಟ್ರೆ ಎಲ್ಲ ಬಿಚ್ಚಿ ಮತ್ತೆ ಕೂರಿಸೋ ಖರ್ಚು ಬೇರೆ. ಹಿಂಭಾಗಕ್ಕೆ ಬಿಸಿಲು ಚೆನ್ನಾಗಿ ಬೀಳೋದಾದ್ರೆ ಸ್ಟ್ಯಾಂಡಿಂಗ್ ಸೀಮ್ ಶೀಟು ಹಾಕ್ಸಿ, ಅದರಲ್ಲಿ ಪಕ್ಕಪಕ್ಕದ ಶೀಟಿನ ಅಂಚು ಮೇಲಕ್ಕೆ ಮಡಿಸಿ ಸೇರಿಸಿರ್ತಾರೆ, ಎದ್ದು ನಿಂತ ಆ ಮಡಿಕೆಗೇ ಕ್ಲಾಂಪ್ ಹಿಡಿಸಬಹುದು, ಒಂದು ತೂತೂ ಬೇಡ. ಅದರಲ್ಲಿ ಶೀಟು ಹಿಡಿಯೋ ಕ್ಲಿಪ್ಪು ಸ್ಕ್ರೂ ಎಲ್ಲ ಒಳಗೇ ಇರೋದ್ರಿಂದ ವಾಷರ್ ಒಣಗೋ ತಲೆನೋವೂ ಇಲ್ಲ. ದುಬಾರಿ, ಹಾಕೋಕೆ ಕೈ ಪಳಗಿರಬೇಕು.

ಲೆಕ್ಕ_ಪಕ್ಕಾ
ವಾರಂಟಿ ಕಾಗದದಲ್ಲಿ ಎರಡು ಸಂಖ್ಯೆ ಬೇರೆ ಬೇರೆ ಇರುತ್ತೆ, ಶೀಟು ತೂತು ಬೀಳದೆ ಇರೋ ವರ್ಷ ಒಂದು, ಬಣ್ಣ ಸುಲಿಯದೆ ಮಾಸದೆ ಇರೋ ವರ್ಷ ಇನ್ನೊಂದು. ಜಾಹೀರಾತಲ್ಲಿ ದೊಡ್ಡದನ್ನೇ ಹೇಳ್ತಾರೆ. ಕೂಲಿ ಸೇರಿದ್ಯಾ, ವರ್ಷ ಕಳೆದ ಹಾಗೆ ಕೊಡೋ ದುಡ್ಡು ಇಳಿಯುತ್ತಾ ಅಂತನೂ ನೋಡಿ. ಶೀಟಿನ ಹಿಂಬದಿ ಕಂಪನಿ ಹೆಸರು, ಕೋಟಿಂಗ್, ದಪ್ಪ ಪ್ರಿಂಟ್ ಆಗಿರುತ್ತೆ, ಮೇಲೆ ಏರಿಸೋ ಮುಂಚೆ ಫೋಟೋ ತೆಗೆದು ಬಿಲ್ ಜೊತೆ ಇಟ್ಕೊಳ್ಳಿ. ಏನೂ ಪ್ರಿಂಟ್ ಇಲ್ಲದ ಶೀಟು ಇಳಿಸ್ಕೋಬೇಡಿ.

ಸೂರಿನಡಿ
ಎಲ್ರಿಗೂ ತುಂಬಾ ಥ್ಯಾಂಕ್ಸ್. ಹೀಗೆ ಮಾಡೋದು ಅಂತ ಮನೇಲೆಲ್ಲ ಕೂತು ಮಾತಾಡ್ಕೊಂಡ್ವಿ. ಮೊದಲು ಸಿಮೆಂಟ್ ಶೀಟು ಪರೀಕ್ಷೆ ಮಾಡ್ಸಿ ಗೊತ್ತಿರೋರ ಕೈಲಿ ತೆಗೆಸೋದು. ಮುಂಭಾಗಕ್ಕೆ ಹೊಸ ರೀಪು, ಅಂಡರ್‌ಲೇ, ಗಟ್ಟಿ ಇರೋ ಹಳೇ ಹಂಚು ಒಂದು ಇಳಿಜಾರಿಗೆ, ಹೊಸದು ಇನ್ನೊಂದಕ್ಕೆ. ಹಿಂಭಾಗಕ್ಕೆ ಬಿಳಿ ಬಣ್ಣದ ಸ್ಟ್ಯಾಂಡಿಂಗ್ ಸೀಮ್, ಜಂತೆಗೆಲ್ಲ ಕಬ್ಬಿಣದ ಪಟ್ಟಿ. ಗೋಡೆ ಸೇರೋ ಕಡೆ ಕಾಡಿ ಕೊರೆದು ಎರಡು ತಗಡಿನ ಫ್ಲಾಶಿಂಗ್. ಇನ್ನೊಂದೇ ಪ್ರಶ್ನೆ, ಹಿಂಭಾಗ ಕತ್ತಲೆ, ಬೆಳಕಿಗೆ ಅಂತ ನಡುವೆ ಒಂದು ಪಾಲಿಕಾರ್ಬೊನೇಟ್ (ಬೆಳಕು ಬಿಡೋ ಪ್ಲಾಸ್ಟಿಕ್) ಶೀಟು ಸೇರಿಸಬಹುದಾ?

ಸೋರಿಕೆ_ರಿಪೇರಿ
ಸ್ಟ್ಯಾಂಡಿಂಗ್ ಸೀಮ್ ನಡುವೆ ಸೇರಿಸೋದು ಕಷ್ಟ ಸರ್, ಮಡಿಕೆ ಕೂಡಲ್ಲ, ಪಾಲಿಕಾರ್ಬೊನೇಟ್ ಸ್ಟೀಲಿಗಿಂತ ಐದಾರು ಪಟ್ಟು ಜಾಸ್ತಿ ಹಿಗ್ಗುತ್ತೆ, ಅಲ್ಲೊಂದು ಹೊಸ ಸೋರಿಕೆ ಜಾಗ ಆಗುತ್ತೆ. ಹಂಚಿನ ಭಾಗದಲ್ಲಿ ಗಾಜಿನ ಹಂಚು ಹಾಕ್ಕೊಳ್ಳಿ, ಹಿಂಭಾಗಕ್ಕೆ ಗೋಡೆ ಮೇಲ್ಗಡೆ ಉದ್ದಕ್ಕೆ ಕಿಟಕಿ ಕೊಡಿ. ಬೇರೆ ಎಲ್ಲಾದ್ರೂ ಪಾಲಿಕಾರ್ಬೊನೇಟ್ ಹಾಕೋದಾದ್ರೆ ಬಿಸಿಲು ತಡೆಯೋ ಪದರ ಹೆಚ್ಚಿನ ಶೀಟುಗಳಲ್ಲಿ ಒಂದೇ ಮುಖಕ್ಕಿರುತ್ತೆ, ಆ ಮುಖದ ಫಿಲ್ಮ್ ಮೇಲೆ ಬರೆದಿರ್ತಾರೆ, ಅದೇ ಆಕಾಶದ ಕಡೆ ಬರಬೇಕು. ಫಿಲ್ಮ್ ಕಿತ್ತು ಹಾಕಿದ್ಮೇಲೆ ಯಾವ ಕಡೆ ಅಂತ ಗೊತ್ತಾಗಲ್ಲ, ಅದಕ್ಕೆ ಕೂರಿಸೋವರೆಗೂ ಆ ಕಡೆಯ ಫಿಲ್ಮ್ ಬಿಚ್ಚೋಕೆ ಬಿಡಬೇಡಿ. ಸ್ಕ್ರೂ ತೂತು ಸ್ಕ್ರೂಗಿಂತ ಸ್ವಲ್ಪ ದೊಡ್ಡದಾಗಿ ಕೊರೆಸಿ, ಹಿಗ್ಗೋಕೆ ಜಾಗ ಇರಲಿ.